ಕಟ್ಟುವ ಎಳೆ, ಬಿಚ್ಚುವ ಕಿಣ್ವ

ಹೊಳಲ್ಕೆರೆ ಸೀಮೆಯಲ್ಲಿ ಅಡಿಕೆ ಸುಗ್ಗಿ ಶುರುವಾದದ್ದು ಮೊದಲು ಮೂಗಿಗೆ ತಿಳಿಯುತ್ತದೆ. ಊರ ಹೊರಗಿನ ಕಣಗಳಲ್ಲಿ ಒಲೆಗಳು ಹೊತ್ತಿಕೊಳ್ಳುತ್ತವೆ, ಸುಲಿದ ಹಸಿ ಅಡಿಕೆ ದೊಡ್ಡ ಹಂಡೆಗಳಲ್ಲಿ ಕುದಿಯುತ್ತದೆ, ಒಗರು ಹಬೆ ರಸ್ತೆಯವರೆಗೂ ಹರಡುತ್ತದೆ. ಗೊನೆ ಇಳಿಸುವವರು ಬೆಳಕು ಹರಿಯುವ ಮೊದಲೇ ತೋಟ ಸೇರಿರುತ್ತಾರೆ. ಉದ್ದನೆಯ ದೋಟಿ ಹಿಡಿದು ಕೆಳಗಿನಿಂದಲೇ ಗೊನೆ ಕೊಯ್ಯುವವನು ಒಬ್ಬ. ಉದುರಿದ ಕಾಯಿಯನ್ನು ಹೆಕ್ಕಿ ಚೀಲ ತುಂಬುವವರು ಹಲವರು. ಖೇಣಿ ಹಿಡಿದ ವ್ಯಾಪಾರಿಯ ಟ್ರ್ಯಾಕ್ಟರ್ ತೋಟದ ಬದುವಿನಲ್ಲಿ ಕಾದು ನಿಂತಿರುತ್ತದೆ. ಸುಲಿಯುವ ಯಂತ್ರ ಬಂದ ಮೇಲೂ ಹೆಂಗಸರ ಕೈಗೆ ಬಿಡುವಿಲ್ಲ. ಯಂತ್ರ ಬಿಟ್ಟ ಸಿಪ್ಪೆಯನ್ನು ಬಿಡಿಸಬೇಕು, ಬೆಂದ ಅಡಿಕೆಯನ್ನು ಬಿಸಿಲಿಗೆ ಹರವಬೇಕು, ಮೋಡ ಕಂಡರೆ ಓಡಿ ಬಂದು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು.

ಒಂದು ಹದ ಇಳಿಸಿ ಇನ್ನೊಂದು ಹದ ಹಾಕುತ್ತಿದ್ದ ಹಾಗೆ ಹಂಡೆಯ ನೀರು ಕೆಂಪೇರುತ್ತದೆ, ಮಂದವಾಗುತ್ತದೆ. ಇದೇ ಚೊಗರು. ಅಡಿಕೆಗೆ ಬಣ್ಣ, ಹೊಳಪು, ಬಾಳಿಕೆ ಕೊಡುವುದು ಇದು. ಸುಲಿಯುವವರ ಬೆರಳಿಗೆ ಹತ್ತಿದ ಕರೆ ಸುಗ್ಗಿ ಮುಗಿದು ವಾರಗಳಾದರೂ ಹೋಗುವುದಿಲ್ಲ. ಅಲ್ಲಿಂದ ಅಡಿಕೆ ಭೀಮಸಮುದ್ರದ ಮಂಡಿಗಳಿಗೆ ಹೋಗುತ್ತದೆ. ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡವಾಗಿ, ಚೀಲಗಳ ಸಾಲು ಸಾಲಾಗಿ ಲಾರಿ ಹತ್ತಿ ಉತ್ತರ ಭಾರತದ ದಾರಿ ಹಿಡಿಯುತ್ತದೆ. ಈ ಸೀಮೆಯಲ್ಲಿ ಮಗಳ ಮದುವೆ, ಮಗನ ಕಾಲೇಜು ಫೀಸು, ಹೊಸ ಕೊಳವೆಬಾವಿಯ ಸಾಲ ಎಲ್ಲವೂ ಆ ವರ್ಷದ ಅಡಿಕೆ ಧಾರಣೆಗೆ ಕಟ್ಟುಬಿದ್ದಿವೆ. ಅಡಿಕೆ ಮರ ಇಲ್ಲಿನ ಸಾವಿರಾರು ಮನೆಗಳ ಅನ್ನ. ಆ ಮಾತನ್ನು ಮರೆತು ಅಡಿಕೆಯ ಬಗ್ಗೆ ಏನು ಬರೆದರೂ ಅದು ಅನ್ಯಾಯವಾಗುತ್ತದೆ.

ಅದೇ ಕಣದ ಪಕ್ಕದ ಚಹಾ ಅಂಗಡಿಯಲ್ಲಿ ಇನ್ನೊಂದು ನೋಟವಿದೆ. ಇಪ್ಪತ್ತೈದು ದಾಟದ ಹುಡುಗ, ಟ್ರ್ಯಾಕ್ಟರ್ ಓಡಿಸುವವನು, ತಟ್ಟೆಯಲ್ಲಿದ್ದ ಮುದ್ದೆಯನ್ನು ಚಿಕ್ಕ ಚಿಕ್ಕ ಚೂರು ಮಾಡಿ ತುಟಿಯ ಸಂದಿನಿಂದ ತೂರಿಸಿಕೊಳ್ಳುತ್ತಿದ್ದಾನೆ. ಸಾರನ್ನು ಮುಟ್ಟುತ್ತಿಲ್ಲ. "ಯಾಕಪ್ಪಾ, ಉಣ್ಣಕಾಗಲ್ವಾ?" ಎಂದು ಅಂಗಡಿಯ ಅಜ್ಜಿ ಕೇಳಿದರೆ, "ಖಾರ ತಾಗಿದ್ರೆ ಬಾಯೆಲ್ಲಾ ಉರೀತೈತಜ್ಜಿ. ಬಾಯೂ ತೆಗಿಯಾಕೆ ಬರಲ್ಲ" ಎನ್ನುತ್ತಾನೆ. ಅವನ ಜೇಬಿನಿಂದ ಹರಿದ ಪೊಟ್ಟಣವೊಂದು ಇಣುಕುತ್ತಿದೆ. ಹಲ್ಲುಗಳ ನಡುವೆ ಎರಡು ಬೆರಳು ನಿಲ್ಲುವಷ್ಟೂ ಜಾಗವಿಲ್ಲ. ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಡುಸಾಗಿದೆ.

ವೈದ್ಯರು ಇದನ್ನು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಬಾಯಿಯ ಒಳಪದರದ ಕೆಳಗೆ ನಾರು ತುಂಬಿಕೊಳ್ಳುವ ರೋಗ ಇದು. ಆ ನಾರು ಎಲ್ಲಿಂದ ಬಂತು, ಅದನ್ನು ಕರಗಿಸಬೇಕಾದ ಕಿಣ್ವಗಳು ಎಲ್ಲಿ ಹೋದವು ಎಂಬ ಪ್ರಶ್ನೆಯ ಬೆನ್ನು ಹತ್ತಿದರೆ ಚಿತ್ರದುರ್ಗದ ನೆಲದಿಂದ ಮೈಸೂರಿನ ಮಾನಸಗಂಗೋತ್ರಿಗೆ, ಬೆಂಗಳೂರಿನ ಪ್ರಯೋಗಾಲಯಗಳಿಗೆ, ಅಲ್ಲಿಂದ ಲೋಕದ ದೊಡ್ಡ ಸಂಶೋಧನಾ ಸಂಸ್ಥೆಗಳಿಗೆ ದಾರಿ ತೆರೆದುಕೊಳ್ಳುತ್ತದೆ.

ಮೈಯೊಳಗಿನ ನೇಯ್ಗೆ

ದುರ್ಗದ ಸೀಮೆ ಕಂಬಳಿಯ ಸೀಮೆ. ಕುರಿಯ ಉಣ್ಣೆ ಕತ್ತರಿಸಿ, ನೂತು, ಮಗ್ಗಕ್ಕೆ ಹಾಕಿ, ಹುಣಿಸೆ ಬೀಜದ ಗಂಜಿ ಬಳಿದು ಬಿಗಿ ಮಾಡುವ ಕಸುಬು ಇಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ನಮ್ಮ ಮೈಯ ಜೀವಕೋಶಗಳ ನಡುವಣ ಜಾಗವನ್ನೂ ಕಂಬಳಿಯ ಹಾಗೆ ನೇಯಲಾಗಿದೆ. ಅದರ ಮುಖ್ಯ ಎಳೆ ಕೊಲಾಜೆನ್ ಎಂಬ ಪ್ರೋಟೀನು. ಚರ್ಮ, ಮೂಳೆ, ಕೀಲು, ರಕ್ತನಾಳ, ಕೆನ್ನೆಯ ಒಳಪದರ ಎಲ್ಲಕ್ಕೂ ಗಟ್ಟಿತನ ಕೊಡುವುದು ಇದೇ. ಮೂರು ಸರಪಳಿಗಳು ಒಂದಕ್ಕೊಂದು ಹೊಸೆದುಕೊಂಡು ಒಂದು ಎಳೆಯಾಗುತ್ತವೆ. ಈ ಹೊಸೆತದ ರಚನೆಯನ್ನು ಮೊದಲು ತೋರಿಸಿಕೊಟ್ಟವರು ಮದರಾಸು ವಿಶ್ವವಿದ್ಯಾಲಯದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತ. ಅದು 1954ರ ಮಾತು. ಅವರಿಗೆ ಬೇಕಾದ ಒಳ್ಳೆಯ ಕೊಲಾಜೆನ್ ಸಿಕ್ಕಿದ್ದು ಮದರಾಸಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಲ್ಲಿದ್ದ ಕಾಂಗರೂ ಬಾಲದ ಸ್ನಾಯುರಜ್ಜುವಿನಿಂದ. ಮುಂದೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೈವಿಕ ಭೌತವಿಜ್ಞಾನದ ವಿಭಾಗವನ್ನೇ ಕಟ್ಟಿದರು.

ಈ ನೇಯ್ಗೆ ಒಮ್ಮೆ ಮುಗಿದು ಹಾಗೇ ಉಳಿಯುವಂಥದ್ದಲ್ಲ. ಗಾಯ ಮಾಯುವಾಗ, ಮಗು ಬೆಳೆಯುವಾಗ, ಬಾಣಂತಿಯ ಗರ್ಭಕೋಶ ಮೊದಲಿನ ಅಳತೆಗೆ ಮರಳುವಾಗ ಹಳೆಯ ಎಳೆ ಬಿಚ್ಚಿ ಹೊಸದನ್ನು ಹಾಕಲೇಬೇಕು. ಬಿಚ್ಚುವವರು ಯಾರು? ಬಹುಕಾಲ ಅದು ಗೊತ್ತಿರಲಿಲ್ಲ. ಹೊಸೆದ ಕೊಲಾಜೆನ್ ಎಷ್ಟು ಗಟ್ಟಿಯೆಂದರೆ, ನಾವು ಉಂಡ ಮಾಂಸ, ಕಾಳುಗಳನ್ನು ಕರಗಿಸುವ ಸಾಮಾನ್ಯ ಕಿಣ್ವಗಳಿಗೆ ಅದು ಜಗ್ಗುವುದಿಲ್ಲ.

ಉತ್ತರ ಕೊಟ್ಟದ್ದು ಗೊದಮೊಟ್ಟೆ. ಮೊದಲ ಮಳೆ ಬಿದ್ದ ಮೇಲೆ ಚಂದ್ರವಳ್ಳಿಯ ಕೆರೆಯಂಚಿನಲ್ಲೋ ಕೋಟೆಯೊಳಗಿನ ಹೊಂಡಗಳಲ್ಲೋ ಕೂತು ನೋಡಿದವರಿಗೆ ಗೊತ್ತು: ಕರಿಯ ಗೊದಮೊಟ್ಟೆಗಳಿಗೆ ಕಾಲು ಮೂಡುತ್ತವೆ, ಬಾಲ ದಿನದಿಂದ ದಿನಕ್ಕೆ ಗಿಡ್ಡವಾಗುತ್ತದೆ, ಕೊನೆಗೆ ಇಲ್ಲವಾಗುತ್ತದೆ. ಅದು ಉದುರಿ ಬಿದ್ದದ್ದಲ್ಲ, ಒಳಗಿಂದೊಳಗೇ ಕರಗಿದ್ದು. 1962ರಲ್ಲಿ ಅಮೆರಿಕದ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲ್ಯಾಪಿಯರ್ ಇಂಥ ಬಾಲದ ತುಣುಕುಗಳನ್ನು ಕೊಲಾಜೆನ್ ಅಂಟಿನ ಮೇಲೆ ಇಟ್ಟು ಬೆಳೆಸಿದರು. ತುಣುಕಿನ ಸುತ್ತ ಅಂಟು ಕರಗಿ ತಿಳಿಯಾಯಿತು. ಹೀಗೆ ಕೊಲಾಜಿನೇಸ್ ಪತ್ತೆಯಾಯಿತು. ಹೊಸೆದ ಮೂರು ಎಳೆಗಳನ್ನೂ ಒಂದು ಗೊತ್ತಾದ ಜಾಗದಲ್ಲಿ, ಮುಕ್ಕಾಲು ಮತ್ತು ಕಾಲು ಭಾಗವಾಗುವಂತೆ ಅದು ಕತ್ತರಿಸುತ್ತದೆ. ಕತ್ತರಿಸಿದ ಮೇಲೆ ಹೊಸೆತ ಸಡಿಲವಾಗಿ ಮಿಕ್ಕ ಕಿಣ್ವಗಳಿಗೂ ಅದು ಪಳಗುತ್ತದೆ.

ಆಮೇಲೆ ಈ ಮನೆತನದ ಒಬ್ಬೊಬ್ಬರೇ ಸಿಕ್ಕುತ್ತಾ ಹೋದರು. ಇಂದು ಇವುಗಳಿಗೆ ಮ್ಯಾಟ್ರಿಕ್ಸ್ ಮೆಟಲೋಪ್ರೋಟೀನೇಸ್ ಎಂದು ಹೆಸರು, ಚಿಕ್ಕದಾಗಿ ಎಂಎಂಪಿ. ಮನುಷ್ಯರಲ್ಲಿ 23 ಬಗೆಯವು ಇವೆ. ಪ್ರತಿಯೊಂದರ ನಡುವೆಯೂ ಸತುವಿನ ಒಂದು ಪರಮಾಣು ಕೂತಿದೆ. ಕತ್ತರಿಸುವ ಬಲ ಅದರದ್ದು. ಸತುವನ್ನು ಕಿತ್ತುಕೊಂಡರೆ ಕಿಣ್ವ ಸತ್ತಂತೆ. ಇವು ಮಿತಿಮೀರದಂತೆ ಹಿಡಿದು ನಿಲ್ಲಿಸಲು ಮೈಯಲ್ಲೇ ನಾಲ್ಕು ಬಗೆಯ ತಡೆಪ್ರೋಟೀನುಗಳಿವೆ. ಅವನ್ನು ಟಿಂಪ್ ಎನ್ನುತ್ತಾರೆ. ಬಿಚ್ಚುವುದೂ ತಡೆಯುವುದೂ ಸಮವಾಗಿದ್ದಷ್ಟು ಕಾಲ ಆರೋಗ್ಯ. ಯಾವುದೊಂದು ಕಡೆ ವಾಲಿದರೂ ರೋಗ.

ಚೊಗರು, ತಾಮ್ರ ಮತ್ತು ಕೆನ್ನೆ

ಅಡಿಕೆ ಜಗಿಯುವವರ ಬಾಯಲ್ಲಿ ವಾಲಿದ್ದು ತಡೆಯುವ ಕಡೆಗೆ. 1952ರಲ್ಲಿ ಷ್ವಾರ್ಟ್ಸ್ ಎಂಬ ವೈದ್ಯರು ಕೆನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರ ಬಾಯಲ್ಲಿ ಈ ರೋಗವನ್ನು ಕಂಡು ಬರೆದರು. ಮರುವರ್ಷವೇ ಮುಂಬಯಿಯ ಎಸ್.ಜಿ. ಜೋಶಿ ಅದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಹೆಸರು ಕೊಟ್ಟರು. ಖಾರ ಕಾರಣವೋ ಪೋಷಣೆಯ ಕೊರತೆ ಕಾರಣವೋ ಎಂಬ ಚರ್ಚೆ ಬಹಳ ಕಾಲ ನಡೆಯಿತು. ಇಂದು ಅನುಮಾನವಿಲ್ಲ. ಮುಖ್ಯ ಕಾರಣ ಅಡಿಕೆ.

ಅಡಿಕೆಯೊಳಗಿನ ಅರೆಕೋಲಿನ್ ಎಂಬ ಸತ್ವ ಕೆನ್ನೆಯ ನಾರುಕೋಶಗಳನ್ನು ಕೆರಳಿಸಿ ಹೆಚ್ಚು ಹೆಚ್ಚು ಕೊಲಾಜೆನ್ ಹೊರಡಿಸುತ್ತದೆ. ಇದು ಮೊದಲ ಪೆಟ್ಟು.

ಎರಡನೆಯದು ಟ್ಯಾನಿನ್, ಅಂದರೆ ಹಂಡೆಯಲ್ಲಿ ಕೆಂಪಗೆ ಕುದಿಯುವ ಅದೇ ಚೊಗರಿನ ಸತ್ವ. ಜೋಗಿಮಟ್ಟಿಯ ತಪ್ಪಲಲ್ಲಿ, ಹಿರಿಯೂರಿನ ಕುರುಚಲು ಕಾಡಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆಯಿಂದ ಚರ್ಮ ಹದ ಮಾಡುವುದು ಹಳೆಯ ಕಸುಬು. ತೊಗಟೆಯ ಟ್ಯಾನಿನ್ ಚರ್ಮದ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಆಮೇಲೆ ಆ ಚರ್ಮ ಕೊಳೆಯುವುದಿಲ್ಲ. ಅಡಿಕೆಯ ಟ್ಯಾನಿನ್ ಬದುಕಿರುವ ಮನುಷ್ಯನ ಕೆನ್ನೆಯಲ್ಲಿ ಮಾಡುವ ರಾಸಾಯನಿಕ ಕೆಲಸವೂ ಅದೇ. 1987ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ತೋರಿಸಿತು: ಅಡಿಕೆಯ ಪಾಲಿಫೀನಾಲ್ ತಗುಲಿದ ಕೊಲಾಜೆನ್, ಕೊಲಾಜಿನೇಸ್ ಕಿಣ್ವಕ್ಕೆ ಸುಲಭವಾಗಿ ಬಗ್ಗದು.

ಮೂರನೆಯದು ತಾಮ್ರ. ಚಿತ್ರದುರ್ಗ ಪಟ್ಟಣದ ತೆಂಕಣಕ್ಕಿರುವ ಇಂಗಳದಾಳದ ಗುಡ್ಡಗಳನ್ನು ಹಳಬರು ತಾಮ್ರಕ್ಕಾಗಿಯೇ ಅಗೆದರು; ನಮ್ಮ ಕಾಲದಲ್ಲೂ ಅಲ್ಲಿ ಗಣಿ ನಡೆಯಿತು. ಈಗ ಆ ತಾಮ್ರದ ಗಣಿ ನಿಂತಿದೆ. ಮೈಗೆ ತಾಮ್ರ ಚಿಟಿಕೆಯಷ್ಟು ಬೇಕು, ಏಕೆಂದರೆ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ತಾಮ್ರವಿಲ್ಲದೆ ಕೆಲಸ ಮಾಡದು. ಕೊಲಾಜೆನ್ ಎಳೆಗಳ ನಡುವೆ ಅಡ್ಡ ಹೊಲಿಗೆ ಹಾಕುವುದು ಅದರ ಕೆಲಸ. ಲಂಡನ್ನಿನ ಸಂಶೋಧಕರು ಅಳೆದು ನೋಡಿದಾಗ, ನಾವು ತಿನ್ನುವ ಬೇರೆ ಬೀಜಗಳಿಗಿಂತ ಅಡಿಕೆಯಲ್ಲಿ ತಾಮ್ರ ಹೆಚ್ಚೆಂದು ಕಂಡಿತು. ಗಂಟೆಗಟ್ಟಲೆ ಕೆನ್ನೆಯಲ್ಲಿ ಒತ್ತಿಟ್ಟುಕೊಂಡ ಅಡಿಕೆಯಿಂದ ತಾಮ್ರ ಜೊಲ್ಲಿಗೆ ಇಳಿಯುತ್ತದೆ. ರೋಗಿಗಳ ಕೆನ್ನೆಯ ತುಣುಕುಗಳಲ್ಲಿ ಲೈಸಿಲ್ ಆಕ್ಸಿಡೇಸ್ ಹೆಚ್ಚಾಗಿತ್ತು, ಟಿಂಪ್ ಹೆಚ್ಚಾಗಿತ್ತು. ಕೊಲಾಜೆನ್ ಬಿಚ್ಚುವ ಶಕ್ತಿ ಕುಗ್ಗಿತ್ತು. ಎಳೆ ಹೆಚ್ಚಿತು, ಹೊಲಿಗೆ ಬಿಗಿಯಾಯಿತು, ಬಿಚ್ಚುವವರ ಕೈ ಕಟ್ಟಿಹೋಯಿತು. ಚಹಾ ಅಂಗಡಿಯ ಆ ಹುಡುಗನ ಬಾಯಿ ಮುಚ್ಚಿಕೊಂಡದ್ದು ಹೀಗೆ.

ಇದು ಬರೀ ಬಾಯಿ ತೆರೆಯಲಾಗದ ಕಷ್ಟವಾಗಿ ಮುಗಿದಿದ್ದರೆ ಸಹಿಸಬಹುದಿತ್ತು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ರೋಗಿಗಳನ್ನು 17 ವರ್ಷ ಹಿಂಬಾಲಿಸಿದ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 7.6ರಷ್ಟು ಮಂದಿಗೆ ಬಾಯಿಯ ಕ್ಯಾನ್ಸರ್ ಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಡಿಕೆ ಒಂದು ಪೊಟ್ಟಣ, ಹೊಗೆಸೊಪ್ಪು ಇನ್ನೊಂದು ಪೊಟ್ಟಣ. ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಳ್ಳುವ ರೂಢಿ ಆ ನಿಷೇಧದ ಪಕ್ಕದಲ್ಲೇ ಬೆಳೆದು ನಿಂತಿದೆ.

ಗೋಡೆ ಒಡೆಯುವ ಕಿಣ್ವಗಳು

ಕ್ಯಾನ್ಸರ್ ತಲೆಯೆತ್ತಿದ ಗಳಿಗೆಯಿಂದ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ನಾರುಗಟ್ಟಿದ ಅದೇ ಕೆನ್ನೆಯಲ್ಲಿ ಈಗ ಬಿಚ್ಚುವ ಕಿಣ್ವಗಳು ಮಿತಿಮೀರುತ್ತವೆ. ಒಳಪದರದ ಕೋಶಗಳ ಅಡಿಯಲ್ಲಿ ತೆಳ್ಳನೆಯ ತಳಪೊರೆಯೊಂದಿದೆ. ಕ್ಯಾನ್ಸರ್ ಗಡ್ಡೆ ಆ ಪೊರೆಯ ಮೇಲಿರುವವರೆಗೆ ಅದನ್ನು ಕತ್ತರಿಸಿ ತೆಗೆದು ರೋಗಿಯನ್ನು ಉಳಿಸುವುದು ಬಹುಮಟ್ಟಿಗೆ ಸಾಧ್ಯ. ಪೊರೆ ದಾಟಿತೆಂದರೆ ಕತ್ತಿನ ಗಂಟುಗಳಿಗೆ, ಅಲ್ಲಿಂದ ದೂರದ ಅಂಗಗಳಿಗೆ ದಾರಿ ಸಿಕ್ಕಿಬಿಡುತ್ತದೆ. 1980ರಲ್ಲಿ ಲ್ಯಾನ್ಸ್ ಲಿಯೋಟ್ಟಾ ಮತ್ತು ಸಂಗಡಿಗರು ಇಲಿಗಳ ಕ್ಯಾನ್ಸರ್ ಕೋಶಗಳಲ್ಲಿ ಒಂದು ಸಂಬಂಧವನ್ನು ಗುರುತಿಸಿದರು: ತಳಪೊರೆಯ ಕೊಲಾಜೆನ್ ಅನ್ನು ಹೆಚ್ಚು ಕತ್ತರಿಸಬಲ್ಲ ಕೋಶಗಳೇ ಹೆಚ್ಚು ದೂರ ಹರಡುತ್ತವೆ. ಕ್ಯಾನ್ಸರ್ ಎಂದರೆ ಬೇಕಾಬಿಟ್ಟಿ ಬೆಳೆಯುವ ಕೋಶ ಎಂಬ ತಿಳಿವಳಿಕೆಗೆ, ಸುತ್ತಲ ನೇಯ್ಗೆಯನ್ನು ಬಿಚ್ಚುವ ಕೋಶ ಎಂಬುದೂ ಅಂದಿನಿಂದ ಸೇರಿಕೊಂಡಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮ್‌ರಾಯ್ ಭಟ್ ಅವರ ಪ್ರಯೋಗಾಲಯ ಈ ದಾರಿಯಲ್ಲೇ ಕೆಲಸ ಮಾಡುತ್ತಿದೆ. ಅವರ ತಂಡ ಸ್ತನ ಕ್ಯಾನ್ಸರ್ ಕೋಶಗಳ ಚಿಕ್ಕ ಗುಂಪುಗಳನ್ನು ತಳಪೊರೆಯ ವಸ್ತುವಿನಲ್ಲಿ ಸುತ್ತಿ, ಅದರ ಹೊರಗೆ ಕೊಲಾಜೆನ್ ತುಂಬಿ, ಕೋಶಗಳು ಒಂದೊಂದಾಗಿಯೂ ಗುಂಪಾಗಿಯೂ ಹೊರಗೆ ಹೊರಡುವುದನ್ನು ಗಮನಿಸಿತು. ಕತ್ತರಿಸುವ ಕಿಣ್ವ ಮತ್ತು ಅದರ ತಡೆ ಹೇಗೆ ಹರಡುತ್ತವೆ, ಕೋಶಗಳು ಸುತ್ತಲ ಎಳೆಗಳಿಗೆ ಎಷ್ಟು ಅಂಟಿಕೊಳ್ಳುತ್ತವೆ ಎಂಬುದನ್ನು ಗಣಕಯಂತ್ರದ ಲೆಕ್ಕದ ಜೊತೆಗಿಟ್ಟು ನೋಡಿದ ಈ ಕೆಲಸ 2019ರಲ್ಲಿ ಪ್ರಕಟವಾಯಿತು. ಅಂಡಾಶಯದ ಕ್ಯಾನ್ಸರ್ ಕೋಶಗಳು ಹೊಟ್ಟೆಯೊಳಗಿನ ದ್ರವದಲ್ಲಿ ಗುಂಪು ಕಟ್ಟಿ ತಮ್ಮ ಸುತ್ತ ಪೊರೆ ಹೆಣೆದುಕೊಳ್ಳುವ ಬಗೆಯನ್ನೂ ಇದೇ ತಂಡ ಅಭ್ಯಾಸ ಮಾಡಿದೆ.

ಹಿರಿಯೂರಿನ ಕಲ್ಲುನೆಲದಲ್ಲಿ

ಹೊಳಲ್ಕೆರೆಯ ನೆರಳು ಬಿಟ್ಟು ಮೂಡಣಕ್ಕೆ ಬಂದರೆ ನೆಲದ ಬಣ್ಣ ಬದಲಾಗುತ್ತದೆ. ಹಿರಿಯೂರಿನ ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ಹಿಡಿದು ನಿಲ್ಲಿಸಿದ ವಾಣಿವಿಲಾಸ ಸಾಗರವಿದೆ. 1907ರಲ್ಲಿ ಮುಗಿದ ಈ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಆ ದಿನಗಳಲ್ಲಿ ಜನ ಬಸ್ಸು, ಬೈಕು, ಎತ್ತಿನ ಗಾಡಿ ಏರಿ ನೋಡಲು ಬಂದರು. ನಾಲೆ ಹಾದಲ್ಲಿ ತೆಂಗು, ಅಡಿಕೆ, ಬಾಳೆಯ ಹಸಿರು. ನಾಲೆ ದಾಟಿದ ಮಾರು ದೂರಕ್ಕೇ ಕಲ್ಲುಬಂಡೆ, ಜಾಲಿ, ತಂಗಡಿ, ಕಳ್ಳಿ. ಶೇಂಗಾ ಕೀಳುವ ಕಾಲದಲ್ಲಿ ಹೆಂಗಸರು ಸಾಲು ಹಿಡಿದು ಬಗ್ಗಿ ಗಿಡ ಕೀಳುತ್ತಾರೆ. ಗಂಡಸರು ರಾತ್ರಿ ಕರೆಂಟು ಬಂದ ಹೊತ್ತಿಗೆ ಬರಿಗಾಲಲ್ಲಿ ಮೋಟರು ಹಾಕಲು ಹೋಗುತ್ತಾರೆ.

ಈ ಕಲ್ಲುನೆಲ ಗರಗಸ ಮಂಡಲದ ನೆಲೆ. ಮೊಳದಷ್ಟು ಉದ್ದದ, ಮಣ್ಣಿನ ಬಣ್ಣದ ಹಾವು. ಕಲ್ಲಿನ ಸಂದಿಯಲ್ಲಿ, ಒಣ ತರಗಿನ ಅಡಿಯಲ್ಲಿ ಕೂತಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಕೆಣಕಿದರೆ ಎಂಟರ ಆಕಾರದಲ್ಲಿ ಸುತ್ತಿಕೊಂಡು, ಪಕ್ಕದ ಒರಟು ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಸರ್ ಎಂದು ಸದ್ದು ಮಾಡುತ್ತದೆ. ಹಾವು ಚಿಕ್ಕದು, ವಿಷ ಚಿಕ್ಕದಲ್ಲ. ಕಚ್ಚಿದ ಕಾಲು ಊದಿಕೊಳ್ಳುತ್ತದೆ, ಗುಳ್ಳೆ ಏಳುತ್ತವೆ, ಕೆಲವರಲ್ಲಿ ಮಾಂಸ ಕೊಳೆತು ಕಪ್ಪಾಗುತ್ತದೆ, ವಸಡಿನಿಂದ ರಕ್ತ ಜಿನುಗುತ್ತದೆ.

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಮಾಡುವ ಪರೀಕ್ಷೆ ಬಹಳ ಸರಳ. ಶುಭ್ರವಾದ ಒಣ ಗಾಜಿನ ನಳಿಕೆಗೆ ಎರಡು ಮಿಲಿಲೀಟರ್ ರಕ್ತ ಹಾಕಿ ಅಲುಗಿಸದೆ 20 ನಿಮಿಷ ಇಡುತ್ತಾರೆ. ಮನೆಯವರು ಗೋಡೆಗೊರಗಿ ಗಡಿಯಾರ ನೋಡುತ್ತಿರುತ್ತಾರೆ. ನರ್ಸ್ ನಳಿಕೆಯನ್ನು ಒಮ್ಮೆ ಓರೆ ಮಾಡುತ್ತಾರೆ. ರಕ್ತ ಗಟ್ಟಿಯಾಗದೆ ಹರಿದರೆ, ವಿಷ ರಕ್ತಕ್ಕೆ ಇಳಿದಿದೆ ಎಂದರ್ಥ. ಕೂಡಲೇ ಪ್ರತಿವಿಷ ಹಾಕಬೇಕು.

ಆ ವಿಷದಲ್ಲಿ ತುಂಬಿರುವುದು ಏನು? ಸತುವನ್ನು ಒಡಲಲ್ಲಿಟ್ಟುಕೊಂಡ ಮೆಟಲೋಪ್ರೋಟೀನೇಸ್‌ಗಳು. ನಮ್ಮ ಕೆನ್ನೆಯಲ್ಲಿ, ಕೀಲಿನಲ್ಲಿ, ಗಡ್ಡೆಯಲ್ಲಿ ಕೆಲಸ ಮಾಡುವ ಎಂಎಂಪಿಗಳ ದಾಯಾದಿಗಳು. ಸತುವನ್ನು ಹಿಡಿದಿಡುವ ಜಾಗದ ರಚನೆ ಎರಡರಲ್ಲೂ ಒಂದೇ ಬಗೆಯದು. ವ್ಯತ್ಯಾಸವಿಷ್ಟೆ: ಮೈಯೊಳಗಿನವಕ್ಕೆ ಟಿಂಪ್‌ಗಳ ಕಾವಲಿದೆ, ಹಾವಿನ ಹಲ್ಲಿನಿಂದ ಬಂದವುಗಳ ಮೇಲೆ ಆ ಕಾವಲು ನಡೆಯದು. ರಕ್ತನಾಳದ ತಳಪೊರೆಯನ್ನು ಅವು ಕತ್ತರಿಸುತ್ತವೆ, ನಾಳ ಸೋರುತ್ತದೆ. ಈ ಹಾವಿನ ವಿಷದಲ್ಲಿರುವ ಇಕಾರಿನ್ ಎಂಬ ಕಿಣ್ವ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನನ್ನು ಎಡೆಬಿಡದೆ ಕೆರಳಿಸಿ, ಹೆಪ್ಪುಗಟ್ಟುವ ಸಾಮಗ್ರಿಯನ್ನೇ ಖಾಲಿ ಮಾಡಿಸುತ್ತದೆ. ನಳಿಕೆಯ ರಕ್ತ ನೀರಾಗಿ ಹರಿಯುವುದು ಅದಕ್ಕೆ.

ಮೈಸೂರಿನ ಕೆಲಸ

ಮೈಸೂರು ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗ ಹಾವಿನ ವಿಷದ ಅಭ್ಯಾಸಕ್ಕೆ ದೇಶದಲ್ಲೇ ಹೆಸರಾದದ್ದು. ಟಿ. ವೀರಬಸಪ್ಪ ಗೌಡರು ಬೆಳೆಸಿದ ಆ ಪರಂಪರೆಯಲ್ಲಿ ಕೆ. ಕೆಂಪರಾಜು ಮತ್ತು ಕೆ.ಎಸ್. ಗಿರೀಶ್ ಹಿಡಿದ ಪ್ರಶ್ನೆ ಅಂಗಾಂಶದ್ದು. ಕೊಲಾಜೆನ್ ಎಳೆಗಳ ನಡುವೆ ಹಯಲುರೋನನ್ ಎಂಬ ಅಂಟು ತುಂಬಿಕೊಂಡಿರುತ್ತದೆ. ಹಾವಿನ ವಿಷದ ಹಯಲುರೋನಿಡೇಸ್ ಕಿಣ್ವ ಆ ಅಂಟನ್ನು ಕರಗಿಸಿ, ಮಿಕ್ಕ ವಿಷಗಳಿಗೆ ಹರಡಲು ಹಾದಿ ಮಾಡಿಕೊಡುತ್ತದೆ. ನಾಗರಹಾವಿನ ವಿಷದಿಂದ ಈ ಕಿಣ್ವವನ್ನು ಬೇರ್ಪಡಿಸಿ, ಅದನ್ನು ತಡೆದರೆ ಇಲಿಗಳಲ್ಲಿ ವಿಷದ ಪರಿಣಾಮ ನಿಧಾನವಾಗುತ್ತದೆಂದು ಅವರು ತೋರಿಸಿದರು. ಇದೇ ಅಂಟು ಮತ್ತು ಅದನ್ನು ಅಳಿಸುವ ಕಿಣ್ವಗಳು ಕ್ಯಾನ್ಸರಿನಲ್ಲೂ ಗಾಯ ಮಾಯುವುದರಲ್ಲೂ ಹೇಗೆ ಪಾತ್ರವಹಿಸುತ್ತವೆಂದು ಇಬ್ಬರೂ ಸೇರಿ ಬರೆದ ವಿಮರ್ಶಾ ಲೇಖನ 2007ರಲ್ಲಿ ಬಂತು. ಗಿರೀಶ್ ಮುಂದೆ ಹಿರಿಯೂರಿಗೆ ನೆರೆಯಾದ ತುಮಕೂರು ಜಿಲ್ಲೆಯ ವಿಶ್ವವಿದ್ಯಾಲಯದಲ್ಲಿ ಈ ಕೆಲಸ ಮುಂದುವರಿಸಿದರು.

2016ರಲ್ಲಿ ಇದೇ ಬಳಗದ ಅಧ್ಯಯನ ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವಸ್ತು ಗರಗಸ ಮಂಡಲ. ಕಚ್ಚಿದ ಜಾಗಕ್ಕೆ ಮೈಯ ಬಿಳಿರಕ್ತಕಣಗಳು ಧಾವಿಸುತ್ತವೆ. ಒಳಗಿನ ಡಿಎನ್‌ಎಯನ್ನೇ ಬಲೆಯಾಗಿ ಹೊರಚೆಲ್ಲುತ್ತವೆ. ಸೂಕ್ಷ್ಮಜೀವಿಗಳನ್ನು ಹಿಡಿಯಲು ಮೈ ಮಾಡಿಕೊಂಡ ಉಪಾಯ ಅದು. ಈ ವಿಷ ಬಂದಾಗ ಮಾತ್ರ ಆ ಬಲೆ ಸಣ್ಣ ರಕ್ತನಾಳಗಳನ್ನು ಮುಚ್ಚಿ, ಮಾಂಸ ಕತ್ತರಿಸುವ ವಿಷವನ್ನು ಅಲ್ಲೇ ಕಟ್ಟಿಹಾಕುತ್ತದೆ. ಮಾಂಸ ಕೊಳೆಯುವುದು ಅದರಿಂದ. ಇಲಿಯ ಬಾಲಕ್ಕೆ ವಿಷ ಚುಚ್ಚಿ, ಡಿಎನ್‌ಎ ಕರಗಿಸುವ ಡಿಎನ್‌ಏಸ್ ಕಿಣ್ವವನ್ನು ಕೊಟ್ಟಾಗ ಬಾಲ ಉಳಿಯಿತು.

ಇದು ಚಿತ್ರದುರ್ಗದ ರೈತನಿಗೆ ಏಕೆ ಮುಖ್ಯ? ನಮ್ಮಲ್ಲಿರುವ ಪ್ರತಿವಿಷ ಕುದುರೆಯ ರಕ್ತದಿಂದ ಮಾಡಿದ್ದು. ರಕ್ತದಲ್ಲಿ ಸುತ್ತುವ ವಿಷವನ್ನು ಅದು ಹಿಡಿಯುತ್ತದೆ, ಪ್ರಾಣ ಉಳಿಸುತ್ತದೆ. ಕಚ್ಚಿದ ಜಾಗದ ಅಂಗಾಂಶದೊಳಗೆ ಸೇರಿಕೊಂಡ ವಿಷವನ್ನು ತಲುಪುವುದರಲ್ಲಿ ಅದು ಸೋಲುತ್ತದೆ. ಜೀವ ಉಳಿಸಿಕೊಂಡು ಬಂದವನು ಬೆರಳನ್ನೋ ಪಾದವನ್ನೋ ಕಳೆದುಕೊಂಡರೆ ಕೂಲಿಗೆ ಹೋಗುವುದು ಹೇಗೆ, ಮೇಕೆ ಮೇಯಿಸುವುದು ಹೇಗೆ? ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತರೆಂದು 2020ರಲ್ಲಿ ಬಂದ ಅಧ್ಯಯನ ಅಂದಾಜಿಸಿತು. ಊನವಾಗಿ ಉಳಿದವರು ಆ ಲೆಕ್ಕದ ಹೊರಗಿದ್ದಾರೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಸರಿಯಾದ ಹೆಜ್ಜೆ. ಎಣಿಸದಿದ್ದರೆ ಯಾವ ಊರಿಗೆ ಎಷ್ಟು ಪ್ರತಿವಿಷ ಕಳಿಸಬೇಕೆಂದು ಯಾರಿಗೂ ತಿಳಿಯದು.

ಸೋತ ಔಷಧಿಯ ಎರಡನೇ ಹುಟ್ಟು

ಕ್ಯಾನ್ಸರ್ ಮತ್ತು ಹಾವಿನ ವಿಷ ಒಂದೇ ದಾರಿಯಲ್ಲಿ ಸಂಧಿಸಿದ ಒಂದು ನಿಜಸಂಗತಿಯನ್ನು ಇಲ್ಲಿ ಹೇಳಲೇಬೇಕು. ಎಂಎಂಪಿಗಳು ಕ್ಯಾನ್ಸರ್ ಹರಡಿಸುತ್ತವೆ ಎಂದ ಮೇಲೆ ಅವನ್ನು ತಡೆದರೆ ಕ್ಯಾನ್ಸರ್ ನಿಲ್ಲಬೇಕಲ್ಲವೇ? 1990ರ ದಶಕದಲ್ಲಿ ಬ್ರಿಟನ್ನಿನ ಕಂಪನಿಯೊಂದು ಮಾರಿಮಾಸ್ಟಾಟ್ ಎಂಬ ಮಾತ್ರೆ ಮಾಡಿತು. ಕಿಣ್ವದ ಸತುವನ್ನು ಹಿಡಿದು ಅದರ ಕೆಲಸ ನಿಲ್ಲಿಸುವ ಮದ್ದು. ಲೋಕವೆಲ್ಲ ಆಸೆಯಿಂದ ಕಾದಿತ್ತು. ದೊಡ್ಡ ಪರೀಕ್ಷೆಗಳಲ್ಲಿ ಅದು ರೋಗಿಗಳ ಆಯುಸ್ಸನ್ನು ಎಣಿಸಿದಷ್ಟು ಹೆಚ್ಚಿಸಲಿಲ್ಲ. ಮೇಲಾಗಿ ಕೀಲುನೋವು ತಂದಿತು, ಭುಜ ಬಿಗಿದುಕೊಂಡಿತು. ಕಾರಣ ಆಮೇಲೆ ತಿಳಿಯಾಯಿತು. ಕ್ಯಾನ್ಸರ್ ಆಗಲೇ ಹರಡಿದ ರೋಗಿಗಳಿಗೆ ಮದ್ದು ಕೊಟ್ಟಿದ್ದರು. ಒಡೆದ ಗೋಡೆಗೆ ಕಾವಲು ಹಾಕಿ ಫಲವಿರಲಿಲ್ಲ. ಜೊತೆಗೆ ಈ ಮನೆತನದ ಕೆಲವು ಕಿಣ್ವಗಳು ಕ್ಯಾನ್ಸರನ್ನು ಅಡ್ಡಗಟ್ಟುವ ಒಳ್ಳೆಯ ಕೆಲಸವನ್ನೂ ಮಾಡುತ್ತವೆ. ಮದ್ದು ಅವನ್ನೂ ಬಿಡಲಿಲ್ಲ.

ಮೂಲೆ ಸೇರಿದ್ದ ಆ ಮದ್ದನ್ನು ಲಿವರ್‌ಪೂಲ್ ಉಷ್ಣವಲಯ ವೈದ್ಯಕೀಯ ಸಂಸ್ಥೆಯ ವಿಜ್ಞಾನಿಗಳು ಹಾವಿನ ವಿಷದ ಮುಂದೆ ಇಟ್ಟು ನೋಡಿದರು. 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಾರಿಮಾಸ್ಟಾಟ್ ಜೊತೆಗೆ ವರೆಸ್ಪ್ಲಾಡಿಬ್ ಎಂಬ ಇನ್ನೊಂದು ಮದ್ದು ಸೇರಿಸಿ ಕೊಟ್ಟಾಗ, ಹಲವು ಮಂಡಲಗಳ ವಿಷ ಚುಚ್ಚಿದ ಇಲಿಗಳು ಬದುಕಿದವು. ಕ್ಯಾನ್ಸರಿಗೆ ತಡವಾಗಿ ಬಂದ ಮದ್ದು ಹಾವು ಕಡಿತಕ್ಕೆ ಸರಿಯಾದ ಹೊತ್ತಿಗೆ ಒದಗಬಹುದು. ಮನುಷ್ಯರಲ್ಲಿ ಅದರ ಪರೀಕ್ಷೆ ಮುಗಿಯುವವರೆಗೆ ಅದು ಆಸ್ಪತ್ರೆಯ ಮದ್ದಲ್ಲ. ಹಾದಿ ಮಾತ್ರ ಸರಿಯಾಗಿದೆ. ಹೊಲದಲ್ಲೇ ನುಂಗಬಹುದಾದ ಒಂದು ಗುಳಿಗೆ ಆಸ್ಪತ್ರೆ ತಲುಪುವ ತನಕ ಕಾಲನ್ನು ಉಳಿಸಿಕೊಡುವ ದಿನ ಬರಬಹುದು.

ಹೊಸದುರ್ಗದ ಸಂತೆ

ಹೊಸದುರ್ಗದ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಕೆಳಗೆ ತೆಂಗಿನ ತೋಟ, ಅಟ್ಟದ ಮೇಲೆ ಕೊಬ್ಬರಿ, ದಾಳಿಂಬೆಯ ಹೊಸ ಸಾಲುಗಳು. ಸಂತೆಯ ದಿನ ಹಳ್ಳಿಗಳಿಂದ ಬಂದ ಮುದುಕಿಯರು ಮರದ ನೆರಳಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. "ಕೂತ್ರೆ ಏಳಾಕಾಗಲ್ಲ ಕಣವ್ವ, ಮಂಡಿ ಹಿಡ್ಕಂಬಿಡ್ತೈತೆ" ಎಂಬ ಮಾತು ಅಲ್ಲಿ ಪ್ರತಿ ಗುಂಪಿನಲ್ಲೂ ಕೇಳಿಸುತ್ತದೆ. ಸವೆದ ಮಂಡಿಯ ಮೃದ್ವಸ್ಥಿಯನ್ನು ಕರಗಿಸುವುದರಲ್ಲೂ ಎಂಎಂಪಿ-13 ಎಂಬ ಕೊಲಾಜಿನೇಸ್‌ನ ಕೈಯಿದೆ. ವಸಡು ಕರಗಿ ಹಲ್ಲು ಅಲುಗುವುದರಲ್ಲೂ ಈ ಮನೆತನದವೇ ಇವೆ. ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಹಳೆಯ ಔಷಧಿಯನ್ನು, ಸೂಕ್ಷ್ಮಜೀವಿ ಕೊಲ್ಲುವ ಪ್ರಮಾಣಕ್ಕಿಂತ ಕಡಿಮೆ ಅಳತೆಯಲ್ಲಿ, ಬರೀ ಕಿಣ್ವ ತಡೆಯಲೆಂದು ಅಮೆರಿಕ 1998ರಲ್ಲಿ ಒಪ್ಪಿಕೊಂಡಿತು.

ಅದೇ ಸಂತೆಯ ಬೀದಿಯಲ್ಲಿ ಪೊಟ್ಟಣಗಳ ಮಾಲೆಗಳು ಅಂಗಡಿಗಳ ಮುಂದೆ ತೂಗುತ್ತವೆ. ಶಾಲೆ ಬಿಟ್ಟ ಹುಡುಗರ ಕೈಗೆ ಎಟಕುವ ಎತ್ತರದಲ್ಲೇ ತೂಗುತ್ತವೆ. ಊಟದ ನಂತರ ಒಂದು ಎಲೆಯಲ್ಲಿ ಒಂದು ಹೋಳು ಅಡಿಕೆ ಇಟ್ಟುಕೊಳ್ಳುತ್ತಿದ್ದ ಹಿರಿಯರಿಗೂ, ಬೆಳಗಿನಿಂದ ರಾತ್ರಿಯವರೆಗೆ ಪೊಟ್ಟಣ ಹರಿಯುವ ಈ ಮಕ್ಕಳಿಗೂ ಕೆನ್ನೆಗೆ ಬೀಳುವ ಅಡಿಕೆಯ ತೂಕದಲ್ಲಿ ಬಹಳ ಅಂತರವಿದೆ.

ಕಿಣ್ವಗಳ ಈ ವಿಜ್ಞಾನ ಕಲಿಸುವ ಪಾಠ ಹೊತ್ತಿನದು. ನಾರು ತುಂಬಿದ ಕೆನ್ನೆ ಪೂರ್ತಿ ಮೊದಲಿನಂತಾಗುವುದು ಕಷ್ಟ. ಜಗಿಯುವುದನ್ನು ಬೇಗ ಬಿಟ್ಟವರಲ್ಲಿ ರೋಗ ಮುಂದುವರಿಯದೆ ನಿಲ್ಲುವ ಸಾಧ್ಯತೆ ಹೆಚ್ಚು. ತಳಪೊರೆ ದಾಟುವ ಮೊದಲು ಸಿಕ್ಕ ಕ್ಯಾನ್ಸರಿಗೆ ಬಿಡುಗಡೆಯಿದೆ. ಅಂಗಾಂಶಕ್ಕೆ ವಿಷ ಇಳಿಯುವ ಮೊದಲು ಸಿಕ್ಕ ಪ್ರತಿವಿಷಕ್ಕೆ ಬಲವಿದೆ. ಮೈಸೂರು, ಬೆಂಗಳೂರು, ತುಮಕೂರಿನ ಪ್ರಯೋಗಾಲಯಗಳು ತಿಳಿದುಕೊಂಡದ್ದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತಾಲ್ಲೂಕು ಆಸ್ಪತ್ರೆಗಳಿಗೆ, ಹಳ್ಳಿಯ ಆಶಾ ಕಾರ್ಯಕರ್ತೆಯರಿಗೆ, ಶಾಲೆಯ ಮೇಷ್ಟ್ರಿಗೆ ತಲುಪಬೇಕು. ಪ್ರತಿ ಸುಗ್ಗಿಯಲ್ಲೂ ಅಡಿಕೆ ಕಣಗಳಿಗೇ ಹೋಗಿ ಕೂಲಿಯವರ ಬಾಯಿ ತಪಾಸಣೆ ಮಾಡುವ ವ್ಯವಸ್ಥೆ ಆಗಬೇಕು. ಚಿತ್ರದುರ್ಗದಲ್ಲಿ ಎಸ್‌ಜೆಎಂ ದಂತ ವೈದ್ಯಕೀಯ ಕಾಲೇಜು ಇದೆ, ಜಿಲ್ಲಾಸ್ಪತ್ರೆ ಇದೆ, ಇದು ಆಗದ ಕೆಲಸವಲ್ಲ. ಅಡಿಕೆಯನ್ನೇ ನಂಬಿದ ರೈತನಿಗೆ ಬೇರೆ ಬೆಳೆಯ, ಅಡಿಕೆಗೆ ಬೇರೆ ಬಳಕೆಯ ದಾರಿ ಹುಡುಕಿಕೊಡುವ ಹೊಣೆ ಸರ್ಕಾರದ್ದು.

ಓದುವ ನೀವು ಇಂದೇ ಮಾಡಬಹುದಾದದ್ದೂ ಇದೆ. ಮನೆಯಲ್ಲಿ ಅಡಿಕೆ, ಗುಟ್ಕಾ ಜಗಿಯುವವರಿದ್ದರೆ ಕನ್ನಡಿಯ ಮುಂದೆ ನಿಲ್ಲಿಸಿ ಬಾಯಿ ತೆರೆಯಲು ಹೇಳಿ. ಅವರದೇ ಕೈಯ ಮೂರು ಬೆರಳು ನೆಟ್ಟಗೆ ಹಲ್ಲುಗಳ ನಡುವೆ ಹಿಡಿಸದಿದ್ದರೆ, ಖಾರಕ್ಕೆ ಬಾಯಿ ಉರಿದರೆ, ಹದಿನೈದು ದಿನವಾದರೂ ಮಾಯದ ಹುಣ್ಣಿದ್ದರೆ ತಡಮಾಡದೆ ದಂತವೈದ್ಯರ ಬಳಿ ಕರೆದುಕೊಂಡು ಹೋಗಿ. ಹೊಲದಲ್ಲಿ ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ರಕ್ತ ಹೀರಬೇಡಿ, ನಾಟಿ ಮದ್ದಿಗೆಂದು ಅಲೆಯಬೇಡಿ. ಕಚ್ಚಿದ ಕಾಲನ್ನು ಅಲುಗಿಸದೆ, ಕಚ್ಚಿಸಿಕೊಂಡವರನ್ನು ನಡೆಸದೆ, ಸಿಕ್ಕ ಗಾಡಿಯಲ್ಲಿ ಪ್ರತಿವಿಷವಿರುವ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.